ಖಾಲಿ ತೋಟಾಗಳ ಸಾಕ್ಷ್ಯ

‘ಪಶ್ಚಿಮವನ್ನು ಗೆದ್ದ ಬಂದೂಕು’ ಎಂಬ ಬಿರುದು ವಿಂಚೆಸ್ಟರ್ ಕಂಪನಿಯ 1873ರ ರೈಫಲ್ಲಿಗೆ ಅಂಟಿಕೊಂಡಿದೆ. ಬಿರುದನ್ನು ಕೊಟ್ಟದ್ದು ಜಾಹೀರಾತು, ಸಾರಿದ್ದು ಹಾಲಿವುಡ್. ಅಮೆರಿಕದ ಪಶ್ಚಿಮವನ್ನು ಯಾರು ಯಾರಿಂದ ಗೆದ್ದರು ಎಂದು ಎರಡೂ ಕೇಳಲಿಲ್ಲ.

ಈ ವಂಶದ ಮೂಲ, 1860ರಲ್ಲಿ ಬೆಂಜಮಿನ್ ಟೈಲರ್ ಹೆನ್ರಿ ರೂಪಿಸಿದ ರೈಫಲ್. ಟ್ರಿಗರನ್ನು ಬಳಸಿರುವ ಸನ್ನೆಯನ್ನು ಕೆಳಕ್ಕೆ ತಳ್ಳಿದರೆ ಸುಟ್ಟ ತೋಟಾ ಹೊರಗೆ ಹಾರುತ್ತದೆ. ಮೇಲಕ್ಕೆಳೆದರೆ ಹೊಸದು ನಳಿಗೆಯನ್ನು ಸೇರುತ್ತದೆ. ಇದನ್ನು ಸಾಧ್ಯವಾಗಿಸಿದ್ದು ಮದ್ದು, ಗುಂಡು, ಕಿಡಿ ಮೂರನ್ನೂ ಒಂದೇ ಲೋಹದ ಕವಚದಲ್ಲಿ ಅಡಗಿಸಿದ ತೋಟಾ. ಹೆನ್ರಿಯ ತೋಟಾದಲ್ಲಿ ಕಿಡಿಯ ರಾಸಾಯನಿಕ ತಳದ ಅಂಚಿನಲ್ಲಿತ್ತು, 1873ರ.44-40 ತೋಟಾದಲ್ಲಿ ಅದು ತಳದ ನಡುವಿಗೆ ಬಂತು. ಹೆಸರಿನಲ್ಲಿರುವ 40, ಅದರೊಳಗಿನ 40 ಗ್ರೇನ್ ಕರಿಮದ್ದು. ಖಾಲಿ ಕವಚವನ್ನು ಮತ್ತೆ ತುಂಬಿಕೊಳ್ಳಬಹುದಿತ್ತು. ಮುಂದೆ ಕೋಲ್ಟ್ ರಿವಾಲ್ವರ್ ಕೂಡ ಇದೇ ತೋಟಾವನ್ನು ಬಳಸತೊಡಗಿತು.

ಅಮೆರಿಕದ ಸೈನ್ಯ ಮಾತ್ರ ಒಂದೊಂದೇ ಗುಂಡು ತುಂಬುವ ಸ್ಪ್ರಿಂಗ್‌ಫೀಲ್ಡ್ ಬಂದೂಕನ್ನು ಆರಿಸಿಕೊಂಡಿತು. ಅದರ ಗುಂಡು ಹೆಚ್ಚು ದೂರ ಹೋಗುತ್ತಿತ್ತು, ಖರ್ಚೂ ಮಿತವಾಗಿತ್ತು. ಸರ್ಕಾರಿ ಖರೀದಿಯ ತರ್ಕ ಬಲ್ಲವರಿಗೆ ಇದು ಹೊಸತಲ್ಲ. 1876ರ ಜೂನ್ 25ರಂದು ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಕಸ್ಟರ್ ಮತ್ತು ಅವನೊಡನಿದ್ದ ಸುಮಾರು 210 ಜನ ಲಕೋಟಾ, ಶಾಯೆನ್ ಯೋಧರ ಕೈಯಲ್ಲಿ ಮಡಿದರು.

1983ರಲ್ಲಿ ಕಾಳ್ಗಿಚ್ಚು ಆ ರಣಭೂಮಿಯ ಹುಲ್ಲನ್ನು ಸುಟ್ಟಿತು. ಮರುವರ್ಷ ಪುರಾತತ್ತ್ವಜ್ಞರು ಅಲ್ಲಿ ನೂರಾರು ಖಾಲಿ ತೋಟಾಗಳನ್ನು ಹೆಕ್ಕಿದರು. ಪ್ರತಿ ಬಂದೂಕಿನ ಮೊಳೆಯೂ ತೋಟಾದ ತಳದಲ್ಲಿ ಬೆರಳಚ್ಚಿನಂತೆ ತನ್ನದೇ ಗುರುತು ಬಿಡುತ್ತದೆ. ಆ ಗುರುತುಗಳ ಜಾಡು ಹಿಡಿದಾಗ ಹೆನ್ರಿ ಮತ್ತು ವಿಂಚೆಸ್ಟರ್‌ಗಳು ಮೂಲನಿವಾಸಿಗಳ ಕೈಯಲ್ಲಿದ್ದುದು ಖಚಿತವಾಯಿತು. ಅವರಲ್ಲಿ ಅನೇಕರ ಬಳಿ ಬಿಲ್ಲುಬಾಣಗಳೇ ಇದ್ದವು. ಗೆಲುವಿಗೆ ರೈಫಲ್ ಒಂದೇ ಕಾರಣವಲ್ಲ. ಆದರೆ ಯುದ್ಧದಲ್ಲಿ ತಾವು ಕಂಡುದನ್ನು ಅವರು ಹೇಳುತ್ತಲೇ ಬಂದಿದ್ದರೂ, ಆ ಮಾತುಗಳಿಗೆ ತಕ್ಕ ಬೆಲೆ ಬರಲು ಹಿತ್ತಾಳೆ, ತಾಮ್ರಗಳ ಸಾಕ್ಷ್ಯ ಬೇಕಾಯಿತು.

ಹಾಗಾದರೆ ಪಶ್ಚಿಮವನ್ನು ಗೆದ್ದದ್ದು ಯಾವುದು? ಒಪ್ಪಂದದಲ್ಲಿ ಲಕೋಟಾ ಜನರಿಗೆಂದು ಬರೆದುಕೊಟ್ಟಿದ್ದ ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲನ್ನು 1877ರಲ್ಲಿ ಒಂದು ಕಾಯಿದೆ ಕಿತ್ತುಕೊಂಡಿತು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದಕ್ಕೆ ಪರಿಹಾರ ಸಲ್ಲಬೇಕೆಂದು ತೀರ್ಪಿತ್ತಿತು. ಹಣ ಬೇಡ, ನೆಲ ಕೊಡಿ ಎಂದು ಅವರು ಅದನ್ನು ಇಂದಿಗೂ ಮುಟ್ಟಿಲ್ಲ. ರೈಫಲ್ ಹಿಡಿದು ಗೆದ್ದವರು ಕಾಗದದ ಮುಂದೆ ಸೋತರು. ಕಡತಗಳ ನಡುವೆ ಬದುಕುವ ನನ್ನಂಥವನಿಗೆ, ಆ ಬಿರುದು ಬಂದೂಕಿಗಿಂತ ಕಾಗದಕ್ಕೇ ಸಲ್ಲಬೇಕೆನಿಸುತ್ತದೆ.