'ಹೇಳು' ಎಂಬ ಕ್ರಿಯಾಪದವೂ ಮಸ್ಕಿಯ ಬಂಡೆಯೂ

ಇಂಗ್ಲಿಷನ್ನು ಕಲಿಯತೊಡಗಿದ ನಮ್ಮ ಬಾಲಕರಿಗೆ ತೊಡಕನ್ನುಂಟುಮಾಡುವ ಕ್ರಿಯಾಪದಗಳಲ್ಲಿ 'ಸೇ' ಮತ್ತು 'ಟೆಲ್' ಎಂಬಿವು ಮುಖ್ಯವಾದವು. ಶಾಲೆಯ ಕೋಶಗಳು ಎರಡಕ್ಕೂ 'ಹೇಳು' ಎಂಬ ಒಂದೇ ಅರ್ಥವನ್ನು ಕೊಟ್ಟು ಸುಮ್ಮನಾಗುತ್ತವೆ. ಆದರೆ 'ಸೇ' ಎಂಬುದರ ದೃಷ್ಟಿಯು ಆಡಿದ ಮಾತಿನ ಮೇಲೆ. 'ಟೆಲ್' ಎಂಬುದರ ದೃಷ್ಟಿಯು ಕೇಳುವವನ ಮೇಲೆ. ಯಾರಿಗೆ ಎಂಬುದು ಇದರ ಜೊತೆಗೇ ಬರುವದು ವಾಡಿಕೆ. ಪೂರ್ವದಲ್ಲಿ ಈ ಶಬ್ದಕ್ಕೆ ಎಣಿಸು ಎಂಬರ್ಥವೂ ಇದ್ದಿತು. ಬ್ಯಾಂಕಿನಲ್ಲಿ ಹಣವನ್ನೆಣಿಸಿ ಕೊಡುವವನಿಗೆ 'ಟೆಲ್ಲರ್' ಎಂಬ ಹೆಸರು ಉಳಿದಿರುವದು ಅದರಿಂದಲೇ. ಎಣಿಸಿ ಒಪ್ಪಿಸಿದಂತೆ ಸಂಗತಿಯನ್ನು ಮತ್ತೊಬ್ಬನಿಗೆ ಮುಟ್ಟಿಸುವದೇ ಅದರ ಹುರುಳು.

ಕನ್ನಡದಲ್ಲಿಯೂ ಇಂಥ ಜೋಡಿಯೊಂದುಂಟು: 'ಎನ್ನು' ಮತ್ತು 'ಹೇಳು'. ಸಿಂಧನೂರು, ಲಿಂಗಸುಗೂರು ಸೀಮೆಯ ಒಕ್ಕಲಿಗನು “ನಾಳೆ ಬರ್ತೀನಿ ಅಂದ” ಎನ್ನುವಾಗ ಆಡಿದ ಮಾತನ್ನೇ ಎತ್ತಿ ತೋರಿಸುತ್ತಾನೆ. “ನನಗ ಹೇಳ್ಯಾನ” ಎನ್ನುವಾಗ ಮಾತು ತನಗೆ ಮುಟ್ಟಿದ್ದನ್ನು ಒಪ್ಪಿಕೊಳ್ಳುತ್ತಾನೆ. ಈ ಹೋಲಿಕೆಯು ಎಲ್ಲ ಕಡೆಗೂ ಸರಿಹೊಂದದು. ಏಕೆಂದರೆ ನಮ್ಮ 'ಹೇಳು' ಇಂಗ್ಲಿಷಿನ ಎರಡೂ ಪದಗಳಿಗಿಂತ ಹೆಚ್ಚಿನ ಭಾರವನ್ನು ಹೊರುತ್ತದೆ. ಹಳಗನ್ನಡದ 'ಪೇೞ್' ಎಂಬುದೇ ಪಕಾರವು ಹಕಾರವಾಗಿ ಇಂದಿನ ರೂಪವನ್ನು ತಾಳಿದೆ. ಅದಕ್ಕೆ ಅಪ್ಪಣೆಕೊಡು ಎಂಬರ್ಥವೂ ಉಂಟು. 'ಹೇಳಿಕೊಡು' ಎಂದರೆ ಕಲಿಸು. 'ಹೇಳಿಕಳುಹಿಸು' ಎಂದರೆ ಕರೆಯಿಸು. 'ಹೇಳಿಕೊಳ್ಳು' ಎಂದರೆ ಮನಸ್ಸಿನ ದುಃಖವನ್ನು ತೋಡಿಕೊಳ್ಳು. ಇದರ ಜೊತೆಗಾತಿಯಾದ 'ಕೇಳು' ಎಂಬುದಾದರೂ ಆಲಿಸು, ಪ್ರಶ್ನಿಸು, ವಿಧೇಯನಾಗು ಎಂಬ ಮೂರು ಅರ್ಥಗಳನ್ನು ಒಳಗೊಂಡಿದೆ. ಯಜಮಾನನಿಲ್ಲದೆ ಹಾಳುಬಿದ್ದ ಮನೆಗೆ 'ಹೇಳುವವರು ಕೇಳುವವರು ಇಲ್ಲ' ಎನ್ನುವದು ನಮ್ಮ ರೂಢಿ.

ಈ ಕ್ರಿಯಾಪದದ ಗೌರವವನ್ನು ಅರಿಯಬೇಕಾದರೆ ನಮ್ಮ ಜಿಲ್ಲೆಯಲ್ಲಿಯೇ ಇರುವ ಒಂದು ಬಂಡೆಯ ಬಳಿಗೆ ಹೋಗಬೇಕು. ಹಿಂದೆ ಲಿಂಗಸುಗೂರು ತಾಲೂಕಿಗೆ ಸೇರಿದ್ದು ಈಗ ಸ್ವತಃ ತಾಲೂಕಿನ ಕೇಂದ್ರವಾದ ಮಸ್ಕಿಯಲ್ಲಿ, 1915ನೆಯ ಇಸವಿಯಲ್ಲಿ, ನಿಜಾಮ ಸರಕಾರದ ಗಣಿ ಇಂಜಿನಿಯರರಾದ ಬೀಡನ್ ಎಂಬವರು ಅಶೋಕನ ಶಿಲಾಶಾಸನವನ್ನು ಕಂಡುಹಿಡಿದರು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಸಂಪಾದಿಸಿ ಪ್ರಕಟಿಸಿದರು. 1837ರಲ್ಲಿ ಪ್ರಿನ್ಸೆಪ್ಪನು ಬ್ರಾಹ್ಮೀಲಿಪಿಯನ್ನು ಓದಿದಂದಿನಿಂದ 'ದೇವಾನಾಂಪ್ರಿಯ'ನೆಂಬ ಅರಸನು ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ನಂಬಿದ್ದರೂ, ಶಾಸನದಲ್ಲಿಯೇ ಆ ಹೆಸರು ದೊರೆತದ್ದು ಮೊದಲು ಮಸ್ಕಿಯಲ್ಲಿ. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಅದೇ ಹೆಸರು ಕಂಡುಬಂದಿತು. ಈ ಸಂಗತಿಯು ಸುಶಿಕ್ಷಿತರೆಲ್ಲರಿಗೂ ವಿದಿತವೇ ಇದೆ.

ಆದರೆ ಹೆಸರಿನ ಬೆಳಕಿನಲ್ಲಿ ಕ್ರಿಯಾಪದವು ಮರೆಯಾಗಿದೆ. ಶಾಸನದ ತಾತ್ಪರ್ಯವಿಷ್ಟು: ಎರಡೂವರೆ ವರ್ಷಕ್ಕೂ ಮಿಕ್ಕು ತಾನು ಬುದ್ಧನ ಉಪಾಸಕನಾಗಿರುವುದಾಗಿ ಅರಸನು ಮೊದಲು ತನ್ನ ನಡತೆಯನ್ನೇ ಅರಿಕೆಮಾಡುತ್ತಾನೆ. ಮಸ್ಕಿಯಲ್ಲಿ ಅಕ್ಷರಗಳು ಸವೆದ ಕಡೆಗೆ ಬೇರೆ ಊರುಗಳ ಪ್ರತಿಗಳು ನೆರವಾಗುತ್ತವೆ. ಮೊದಲು ತಾನು ಸಾಕಷ್ಟು ಪ್ರಯತ್ನಮಾಡಲಿಲ್ಲ, ಸಂಘವನ್ನು ಸೇರಿದ ಮೇಲೆಯೇ ಹುರುಪಿನಿಂದ ಪ್ರಯತ್ನಿಸಿದೆನೆಂಬುದು ಅವುಗಳಿಂದ ತಿಳಿಯುತ್ತದೆ. ಧರ್ಮದಲ್ಲಿ ನಿರತನಾದರೆ ಸಾಮಾನ್ಯನೂ ಈ ಫಲವನ್ನು ಪಡೆಯಬಲ್ಲನು. ದೊಡ್ಡವರಿಗೆ ಮಾತ್ರ ಇದು ಸಾಧ್ಯವೆಂದು ಕಾಣಬಾರದು. ಆದದ್ದರಿಂದ ಚಿಕ್ಕವರಿಗೂ ದೊಡ್ಡವರಿಗೂ ಇದನ್ನು 'ವತವಿಯ', ಅಂದರೆ ಹೇಳತಕ್ಕದ್ದು. ಸಂಸ್ಕೃತದ 'ವಕ್ತವ್ಯ'ವೇ ಈ ಪ್ರಾಕೃತಪದ. 'ಹೇಳುವದು ಪುರಾಣ, ತಿನ್ನುವದು ಬದನೆಕಾಯಿ' ಎಂಬ ನಮ್ಮ ಗಾದೆಯ ಕಟಕಿಗೆ ಗುರಿಯಾಗದಂತೆ, ತಾನು ನಡೆದುದನ್ನು ಒಪ್ಪಿಸಿದ ಮೇಲೆಯೇ ಈ ದೊರೆಯು ಹೇಳುವ ಮಾತಿಗೆ ಕೈಯಿಕ್ಕಿದ್ದಾನೆ.

ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಕಲ್ಲಿನ ಮೇಲೆ ಕೊರೆಯಿಸಿದರೆ ಕೆಲಸವು ಮುಗಿಯಿತೆಂದು ಅರಸನು ಭಾವಿಸಲಿಲ್ಲ. ಇಂದಿನ ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನದಲ್ಲಿ, ರಜ್ಜುಕನೆಂಬ ಅಧಿಕಾರಿಯು ಭೇರಿಯನ್ನು ಬಾರಿಸಿ ಜನಪದಕ್ಕೆ ಈ ಮಾತನ್ನು ಸಾರಬೇಕೆಂಬ ವಿಧಿಯಿದೆ; ನಮ್ಮ ಹಳ್ಳಿಗಳ ಡಂಗುರಕ್ಕೆ ಇದಕ್ಕಿಂತ ಹಿರಿಯ ಪೂರ್ವಜನು ಬೇಕೇ? ಕಳಿಂಗ ದೇಶದ ಧೌಲಿಯ ಶಾಸನವಂತೂ, ಲಿಪಿಯನ್ನು ತಿಷ್ಯನಕ್ಷತ್ರದ ದಿನಗಳಲ್ಲಿ ಕೇಳಿಸಬೇಕು, ನಡುವೆ ಒಬ್ಬನೇ ಒಬ್ಬನಿದ್ದರೂ ಕೇಳಿಸಬೇಕು ಎನ್ನುತ್ತದೆ. ಬರಹವು ಭದ್ರತೆಗಾಗಿ, ಹೇಳುವದು ಜನರಿಗಾಗಿ ಎಂಬುದೇ ಇದರ ಭಾವ. ಅದರಲ್ಲಿಯೂ ಮಸ್ಕಿಯ ಲಿಪಿಯ ಭಾಷೆಯು ಪ್ರಾಕೃತ. ಹಳೆಯ ಕನ್ನಡ ಶಾಸನಗಳಲ್ಲಿ ಪ್ರಸಿದ್ಧವಾದ ಹಲ್ಮಿಡಿಯದು ಸುಮಾರು 450ರದು. ಈ ಬಂಡೆಯು ಅದಕ್ಕಿಂತ ಏಳುನೂರು ವರ್ಷಗಳಷ್ಟು ಹಿಂದಿನದು. ಪ್ರಾಕೃತವನ್ನರಿಯದ ಉಳುವವನಿಗೆ ಅವನ ಮನೆಮಾತಿನಲ್ಲಿ ತಿಳಿಸಿದ ಹೊರತು 'ಚಿಕ್ಕವರಿಗೂ' ಎಂಬ ಅಪ್ಪಣೆಯು ಈಡೇರುವಂತಿರಲಿಲ್ಲ. ಲಿಪಿಯನ್ನು ಬಲ್ಲವರ ಪರಂಪರೆಯು ಕಡಿದುಹೋದ ಮೇಲೆ, ಹೇಳುವವರು ಕೇಳುವವರು ಇಲ್ಲದೆ ಆ ಮಾತು ಶತಮಾನಗಳವರೆಗೆ ಮೂಕವಾಗಿ ಬಿದ್ದಿತು. ಅಕ್ಷರವು ಇದ್ದಿತು, ಹೇಳಿಕೆಯು ಇದ್ದಿಲ್ಲ.

'ವತವಿಯ'ದ ಮೂಲವಾದ 'ವಚ್' ಧಾತುವಿನಿಂದಲೇ 'ವಚನ' ಎಂಬ ಶಬ್ದವೂ ಹುಟ್ಟಿತು. 12ನೆಯ ಶತಮಾನದ ಶರಣರು ತಮ್ಮ ಅನುಭವವನ್ನು ಜನರ ನುಡಿಯಲ್ಲಿ ಹೇಳಿದ್ದಕ್ಕೆ ಆ ಹೆಸರು ನಿಂತಿತು. ಮುಂದೆ ಇದೇ ಸೀಮೆಯ ಹರಿದಾಸರು ಅದೇ ದಾರಿಯನ್ನು ತುಳಿದರು. ಮಾನ್ವಿ ತಾಲೂಕಿನ ಬ್ಯಾಗವಾಟದ ಜಗನ್ನಾಥದಾಸರು ತಮ್ಮ 'ಹರಿಕಥಾಮೃತಸಾರ'ದ ಮೊದಲ ಪದ್ಯದಲ್ಲಿಯೇ 'ಪೇಳು', 'ಕೇಳು' ಎಂಬ ಎರಡು ಕ್ರಿಯಾಪದಗಳನ್ನೂ ಇರಿಸಿದ್ದಾರೆ. ಅವರ ಶಿಷ್ಯರಾದ ಪ್ರಾಣೇಶದಾಸರು ಲಿಂಗಸುಗೂರಿನವರು. ಸಂಸ್ಕೃತದಲ್ಲಿದ್ದ ತತ್ವವನ್ನು ಓದುಬಾರದವರ ಕಿವಿಗೂ ಮುಟ್ಟಿಸಿದ ಪುಣ್ಯವು ದಾಸರದು.

ಸರಕಾರದ ವ್ಯವಹಾರದಲ್ಲಿ ಮಾತ್ರ ಈ ಭಾಗ್ಯವು ತಡವಾಗಿ ಬಂದಿತು. ನಿಜಾಮರ ಆಳಿಕೆಯಲ್ಲಿ ಕಚೇರಿಯ ಭಾಷೆಯು ಮೊದಲು ಪಾರಸಿ, 1880ರ ದಶಕದಿಂದ ಉರ್ದು. ತನ್ನ ಹೊಲದ ಕಾಗದದಲ್ಲಿ ಏನಿದೆಯೆಂಬುದನ್ನು ಕನ್ನಡದ ರೈತನು ಮತ್ತೊಬ್ಬನಿಂದ ಹೇಳಿಸಿಕೊಳ್ಳಬೇಕಾಗಿದ್ದಿತು. ಹೇಳುವವನು ಪ್ರಾಮಾಣಿಕನಾದರೆ ಹೊಲವುಳಿಯಿತು, ಇಲ್ಲವಾದರೆ ಇಲ್ಲ. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ನೆರೆದ ಸಾಹಿತ್ಯ ಸಮ್ಮೇಲನವು ಅಂಥ ಕಾಲದ್ದು. 1948ರಲ್ಲಿ ಆ ಆಳಿಕೆಯು ಕೊನೆಗೊಂಡಿತು. 1956ರಲ್ಲಿ ಜಿಲ್ಲೆಯು ಕನ್ನಡನಾಡನ್ನು ಸೇರಿತು. 1963ರ ಕಾನೂನಿನಿಂದ ಕನ್ನಡವು ರಾಜಭಾಷೆಯಾಯಿತು.

ಆದರೂ ಬಂಡೆಯ ಅಪ್ಪಣೆಯು ಪೂರ್ತಿ ನೆರವೇರಿತೆನ್ನಲಾಗದು. ಬ್ಯಾಂಕಿನ ಸಾಲಪತ್ರವನ್ನು ಕೈಯಲ್ಲಿ ಹಿಡಿದು “ಏನ್ ಬರದಾರ ಸ್ವಲ್ಪ ಹೇಳ್ರಿ” ಎನ್ನುವ ಮುದುಕರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. ಕಾಗದವು ಕನ್ನಡದಲ್ಲಿದ್ದರೂ ಅದರ ಭಾಷೆಯು ಎಷ್ಟೋ ಸಲ ಅವರಿಗೆ ಪ್ರಾಕೃತದಷ್ಟೇ ದೂರದ್ದು. ತುಂಗಭದ್ರೆಯ ಕಾಲುವೆ ಬಂದ ಮೇಲೆ ಸಿಂಧನೂರು ಸೀಮೆಯಲ್ಲಿ ನೆಲೆಸಿದ ತೆಲುಗರಿಗೆ ನಮ್ಮ 'ಹೇಳು' ಎಂಬುದು 'ಚೆಪ್ಪು'. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು 1970ರ ದಶಕದ ಆರಂಭದ ಸುಮಾರಿಗೆ ಇಲ್ಲಿ ಬೀಡುಬಿಟ್ಟ ಬಂಗಾಳಿಗಳಿಗೆ ಅದು 'ಬಲಾ'. ಒಂದು ಕಾಲಕ್ಕೆ ಪರಭಾಷೆಯ ಕಚೇರಿಯಲ್ಲಿ ನಿಂತು ಬೆಪ್ಪಾದ ನಾವು, ನಮ್ಮ ಕಚೇರಿಯಲ್ಲಿ ಹಾಗೆ ನಿಂತವರ ಕಷ್ಟವನ್ನು ಅರಿಯದಿದ್ದರೆ ಹೇಗೆ?

ಓದುಬಲ್ಲ ಪ್ರತಿಯೊಂದು ಮನೆಯೂ ಈ ವಿಷಯದಲ್ಲಿ ರಜ್ಜುಕನ ಸ್ಥಾನದಲ್ಲಿದೆ. ನೆರೆಯವನು ತಂದ ಕಾಗದವನ್ನು ಬೇಸರವಿಲ್ಲದೆ ಓದಿ, ಮುಚ್ಚದೆ ಮರೆಯದೆ, ಅವನಿಗೆ ತಿಳಿಯುವ ಮಾತಿನಲ್ಲಿ ಹೇಳುವದು ಅಲ್ಪವಾದ ಕೆಲಸವಲ್ಲ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಮಸ್ಕಿಯ ಗುಡ್ಡದ ಮೇಲೆ ಅರಸನೊಬ್ಬನು ಬೇಡಿದ್ದು ಅದನ್ನೇ.