ಕಾಯ್ದೆಯಲ್ಲಿ ಬಣ್ಣದ ಹೆಸರೇ ಇರಲಿಲ್ಲ

'ಅಕ್ರಮ ವಲಸಿಗ' ಅನ್ನೋ ಮಾತು ಈಗ ಎಲ್ಲೆಲ್ಲೂ ಕೇಳ್ತಿದೆ. ಆದರೆ ಯಾರು ಅಕ್ರಮ ಅಂತ ದೇಶಗಳು ತೀರ್ಮಾನಿಸಿದ ಬಗೆ ನೋಡಿ.

ಅಮೆರಿಕ 1882ರಲ್ಲಿ ನೇರವಾಗೇ ಬರೆಯಿತು: ಚೀನೀ ಕೂಲಿಕಾರರು ಬರಕೂಡದು. ಆಸ್ಟ್ರೇಲಿಯಾ ಇನ್ನೂ ಜಾಣ. 1901ರ ಕಾಯ್ದೆ ಪ್ರಕಾರ, ಅಧಿಕಾರಿ ಓದಿದ 50 ಪದಗಳನ್ನು ತಪ್ಪಿಲ್ಲದೆ ಬರೆಯಬೇಕು. ಯಾವ ಯುರೋಪಿಯನ್ ಭಾಷೆಯಲ್ಲಿ ಅನ್ನೋದು ಮಾತ್ರ ಅಧಿಕಾರಿಯ ಇಷ್ಟ! ಇಂಗ್ಲಿಷ್ ಬಲ್ಲವನಿಗೆ ಬೇರೊಂದು ಭಾಷೆ ಕೊಟ್ಟರೆ ಮುಗೀತು. ಈ ಪರೀಕ್ಷೆ 1958ರವರೆಗೂ ಕಾಯ್ದೆಯಲ್ಲಿತ್ತು.

ಕೆನಡಾ 1908ರಲ್ಲಿ, ಸ್ವಂತ ದೇಶದಿಂದ ಎಲ್ಲೂ ತಂಗದೆ ಒಂದೇ ಪ್ರಯಾಣದಲ್ಲಿ ಬರಬೇಕು ಅಂದಿತು. ಭಾರತದಿಂದ ಅಂಥ ಹಡಗೇ ಇರಲಿಲ್ಲ. 1914ರಲ್ಲಿ ಕೊಮಗಾಟ ಮಾರು ಹಡಗಿನಲ್ಲಿ ಹೋದ 376 ಜನರಲ್ಲಿ 24 ಮಂದಿಯನ್ನಷ್ಟೇ ಒಳಬಿಟ್ಟರು. ಅವರೆಲ್ಲ ಬ್ರಿಟಿಷ್ ಸಾಮ್ರಾಜ್ಯದ್ದೇ ಪ್ರಜೆಗಳು. ಉಳಿದವರು ಎರಡು ತಿಂಗಳು ವ್ಯಾಂಕೂವರ್ ಬಂದರಿನಲ್ಲಿ ಕಾದು ವಾಪಸಾದರು. ಕಲ್ಕತ್ತ ಹತ್ತಿರದ ಬಜ್‌ಬಜ್‌ನಲ್ಲಿ ಇಳಿದಾಗ ಬ್ರಿಟಿಷರ ಗುಂಡಿಗೆ ಹಲವರು ಸತ್ತರು.

ಹೆಸರು ಹೇಳದೆ ಹೊರಗಿಡೋ ನಿಯಮ ನಮಗೇನು ಹೊಸದೇ? 'ಅರ್ಹ ಅಭ್ಯರ್ಥಿ ಸಿಗಲಿಲ್ಲ' ಅಂತ ಷರಾ ಬರೆದು ಮೀಸಲು ಹುದ್ದೆ ಖಾಲಿ ಬಿಡೋದನ್ನ ಕಂಡವರು ನಾವು. ಗಡಿಗೆ ಕಾನೂನು ಬೇಕು, ಸರಿ. ಆದರೆ ಯಾವುದೇ ನಿಯಮ ಓದುವಾಗ, ಅದನ್ನ ಪಾಲಿಸೋಕೆ ಯಾರಿಗೆ ಸಾಧ್ಯವೇ ಇಲ್ಲ ಅಂತ ಮೊದಲು ಕೇಳಿ.

ಜೈ ಭೀಮ್.