ಮೈಸೂರಿನ ಅರಸರೂ ಅಪ್ರಸಿದ್ಧ ಸಿಂಫೋನಿಗಳೂ

ಹಳೆಯ ಗ್ರಾಮಾಫೋನು ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ಮೂರು ನಾಲ್ಕು ನಿಮಿಷಗಳ ಸಂಗೀತ ಮಾತ್ರ. ಅಬ್ದುಲ್ ಕರೀಮ್ ಖಾನರಂತಹ ಗಾಯಕರು ಆ ಅಲ್ಪಾವಕಾಶದಲ್ಲಿಯೇ ರಾಗದ ಸಾರವನ್ನು ತುಂಬಿಕೊಟ್ಟರು. ಪಾಶ್ಚಾತ್ಯರ ಸಿಂಫೋನಿಯನ್ನಾದರೋ ಹೀಗೆ ಸಂಕ್ಷೇಪಿಸಲು ಬಾರದು. ಬಹುಮಂದಿ ವಾದಕರು ಕೂಡಿ, ಕರ್ತೃವು ಬರೆದಿಟ್ಟ ಸ್ವರಗಳನ್ನು ಬರೆದಂತೆಯೇ ನುಡಿಸತಕ್ಕ ದೀರ್ಘಕೃತಿ ಅದು. ನಾಲ್ವತ್ತು ನಿಮಿಷಗಳ ಒಂದು ಸಿಂಫೋನಿಗೆ ಹತ್ತು ಮುಖಗಳಾದರೂ ಬೇಕು. ವೆಚ್ಚವು ಇಷ್ಟಿರಲಾಗಿ, ಪ್ರಸಿದ್ಧರ ಕೃತಿಗಳಿಗೆ ಮುದ್ರಣಭಾಗ್ಯವು ಸುಲಭವಾಗಿತ್ತು. ಅಪ್ರಸಿದ್ಧರಿಗೆ ಪೋಷಕನೊಬ್ಬನು ಬೇಕಾಗಿದ್ದನು.

ಅಂತಹ ಪೋಷಕರೊಬ್ಬರು ಮೈಸೂರಿನಲ್ಲಿ ದೊರೆತರು. 1919ರಲ್ಲಿ ಜನಿಸಿದ ಶ್ರೀ ಜಯಚಾಮರಾಜ ಒಡೆಯರಿಗೆ ಪಿಯಾನೋ ವಾದನದಲ್ಲಿ ವಿಶೇಷಾಸಕ್ತಿ. ಆದರೆ 1940ರಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರೂ, ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಕೆಲವೇ ತಿಂಗಳ ಅಂತರದಲ್ಲಿ ಗತಿಸಲು, ರಾಜ್ಯಭಾರವು ಅವರ ಹೆಗಲಿಗೆ ಬಂದಿತು. ವಾದಕನಾಗುವ ಆಸೆಯು ಅಲ್ಲಿಗೆ ನಿಂತಿತು; ಸಂಗೀತದ ಮೇಲಣ ಪ್ರೀತಿಯು ನಿಲ್ಲಲಿಲ್ಲ.

ರಷ್ಯದ ನಿಕೊಲಾಯ್ ಮೆಟ್ನರ್ ಎಂಬ ವೃದ್ಧ ಸಂಗೀತಕಾರನು ಆಗ ಲಂಡನ್ನಿನಲ್ಲಿ ಅನಾರೋಗ್ಯದಿಂದಲೂ ಉಪೇಕ್ಷೆಯಿಂದಲೂ ಬಳಲುತ್ತಿದ್ದನು. ಮಹಾರಾಜರು ಅವನ ಹೆಸರಿನಲ್ಲಿ ಸಂಘವೊಂದನ್ನು ಸ್ಥಾಪಿಸಿ, 1947ರಿಂದ ಅವನ ಕೃತಿಗಳನ್ನು ಅವನಿಂದಲೇ ನುಡಿಸಿ ಮುದ್ರಿಸುವ ಏರ್ಪಾಡು ಮಾಡಿದರು. ಮೂರು ಪಿಯಾನೋ ಕನ್‌ಚೆರ್ಟೊಗಳೂ ಹೀಗೆ ಉಳಿದವು. ಅವುಗಳಲ್ಲಿ ಮೂರನೆಯದನ್ನು ಅವನು ಕೃತಜ್ಞತೆಯಿಂದ ಮಹಾರಾಜರಿಗೇ ಅರ್ಪಿಸಿದನು. 1951ರಲ್ಲಿ ಮೆಟ್ನರ್ ತೀರಿಕೊಂಡನು. ಇನ್ನು ನಾಲ್ಕು ವರ್ಷ ತಡವಾಗಿದ್ದರೆ ಆ ಕೈಗಳ ನುಡಿಯು ಲೋಕಕ್ಕೆ ಈ ಬಗೆಯಲ್ಲಿ ದಕ್ಕುತ್ತಿರಲಿಲ್ಲ.

ವಾಲ್ಟರ್ ಲೆಗ್ 1945ರಲ್ಲಿ ಸ್ಥಾಪಿಸಿದ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೂ ಮೈಸೂರಿನ ನೆರವು ಒದಗಿತು. ಆ ವೃಂದದಿಂದ ಹೆರ್ಬೆರ್ಟ್ ಫಾನ್ ಕಾರಯಾನ್ 1949ರಲ್ಲಿ ಬಲಾಕಿರೆವನ ಮೊದಲನೆಯ ಸಿಂಫೋನಿಯನ್ನೂ ರೂಸೆಲನ ನಾಲ್ಕನೆಯದನ್ನೂ ನುಡಿಸಿ ಮುದ್ರಿಸಿದನು. ಬಲಾಕಿರೆವನು ತನ್ನ ಕೃತಿಯನ್ನು 1864ರಲ್ಲಿ ಆರಂಭಿಸಿ 1897ರಲ್ಲಿ ಮುಗಿಸಿದ್ದನು. ಮೂವತ್ತಮೂರು ವರ್ಷಗಳ ತಪಸ್ಸಿನ ಆ ಫಲವು ಮೈಸೂರಿನ ಹಣದಿಂದ ತಟ್ಟೆಗಳ ಮೇಲೆ ಮೂಡಿತೆಂಬುದು ಕನ್ನಡಿಗರು ಅಷ್ಟಾಗಿ ಅರಿಯದ ಸಂಗತಿ.

ಪ್ರಜೆಗಳು ಹೋರಾಡಿ 1947ರಲ್ಲಿ ಜವಾಬ್ದಾರಿ ಸರಕಾರವನ್ನು ಪಡೆದ ನಾಡಿನ ಅರಸರು ಪರದೇಶದ ಸಂಗೀತಕ್ಕೆ ಹೀಗೆ ವ್ಯಯಿಸಬಹುದಿತ್ತೆ ಎಂಬ ಪ್ರಶ್ನೆಯು ನ್ಯಾಯವಾದುದೇ. ಸ್ವದೇಶದ ಸಂಗೀತವನ್ನು ಅವರು ಕಡೆಗಣಿಸಿದರೆಂದು ಮಾತ್ರ ಹೇಳುವಂತಿಲ್ಲ. ‘ಶ್ರೀವಿದ್ಯಾ’ ಎಂಬ ಅಂಕಿತದಿಂದ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರೂ ಅವರೇ. ಒಂದು ವಿವೇಕವನ್ನಂತೂ ಒಪ್ಪಲೇಬೇಕು. ಕೀರ್ತಿ ಪಡೆದ ಕೃತಿಯನ್ನು ಕೊಳ್ಳುವವರು ಹಲವರು. ಕೀರ್ತಿ ಬಾರದ ಕೃತಿಯ ಗುಣವನ್ನು ತನ್ನ ಕಿವಿಯಿಂದಲೇ ಕಂಡು ಕೈಹಿಡಿಯುವವರು ವಿರಳ. ಅರಸೊತ್ತಿಗೆ ಅಳಿದಿದೆ, ಆ ವಿರಳರಲ್ಲೊಬ್ಬರು ಉಳಿಸಿದ ನಾದವು ಇಂದಿಗೂ ಕೇಳಿಬರುತ್ತಿದೆ.